ಸ್ಟಾರ್ಟಪ್ ಯಾವ ಫ್ರೇಮ್‌ವರ್ಕ್ ಹಿಡಿಯಬೇಕು?

1995ರಲ್ಲಿ ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್ ವಯಾವೆಬ್ ಕಟ್ಟಲು ಕೂತಾಗ ಆರಿಸಿಕೊಳ್ಳಲು ಫ್ರೇಮ್‌ವರ್ಕ್‌ಗಳೇ ಇರಲಿಲ್ಲವೆನ್ನಬೇಕು. ಆನ್‌ಲೈನ್ ಅಂಗಡಿ ತೆರೆದುಕೊಡುವ ಆ ತಂತ್ರಾಂಶವನ್ನು ಅವರು ತಮ್ಮ ಕೈಗೆ ಪಳಗಿದ್ದ ಲಿಸ್ಪ್ ಭಾಷೆಯಲ್ಲಿ ಬರೆದರು. 1998ರಲ್ಲಿ ಅದನ್ನು ಕೊಂಡ ಯಾಹೂ, ಮುಂದೆ ಸಿ ಪ್ಲಸ್ ಪ್ಲಸ್ ಮತ್ತು ಪರ್ಲ್‌ನಲ್ಲಿ ಹೊಸದಾಗಿ ಬರೆಸಿತು. ಅಷ್ಟು ಹೊತ್ತಿಗೆ ಮಾರಾಟ ಮುಗಿದಿತ್ತು.

ಲಾಗಿನ್, ಫಾರ್ಮ್, ಡೇಟಾಬೇಸ್ ಜೋಡಣೆ ಪ್ರತಿ ಸೈಟಿಗೂ ಬೇಕು. ಇವನ್ನೇ ಮತ್ತೆ ಮತ್ತೆ ಬರೆದು ಬೇಸತ್ತವರು ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಕಟ್ಟಿದರು. ಬೇಸ್‌ಕ್ಯಾಂಪ್ ಎಂಬ ತಂತ್ರಾಂಶ ತಯಾರಿಸುವಾಗ ಡೇವಿಡ್ ಹೈನೆಮೈಯರ್ ಹಾನ್ಸನ್ ಬರೆದ ಕೋಡಿನಿಂದ ಬೇರ್ಪಟ್ಟು 2004ರಲ್ಲಿ ರೂಬಿ ಆನ್ ರೈಲ್ಸ್ ಹೊರಬಂತು. ಮರುವರ್ಷ ಬಿಡುಗಡೆಯಾದ ಜ್ಯಾಂಗೊ ಹುಟ್ಟಿದ್ದು ಅಮೆರಿಕದ ಕನ್ಸಾಸ್‌ನ ಒಂದು ಊರಪತ್ರಿಕೆಯ ಕಚೇರಿಯಲ್ಲಿ. ಸಂಪಾದಕರು ಕೇಳಿದ ಪುಟವನ್ನು ಗಡುವಿನೊಳಗೆ ಕೊಡಬೇಕಾದ ಒತ್ತಡ ಅದರ ಬೆನ್ನಿಗಿತ್ತು. ಸಿದ್ಧ ಅಡ್ಮಿನ್ ಪುಟಗಳು ಅದರ ಜೊತೆಗೇ ಬರುವುದು ಸುಮ್ಮನೆ ಅಲ್ಲ.

ಆಮೇಲೆ ಟ್ವಿಟರ್ ಪ್ರಕರಣ ನಡೆಯಿತು. 2006ರಲ್ಲಿ ರೈಲ್ಸ್ ಮೇಲೆ ಶುರುವಾದ ಆ ತಾಣ ಜನ ನುಗ್ಗಿದಂತೆ ಪದೇ ಪದೇ ಕುಸಿಯಿತು, ಹಕ್ಕಿಗಳು ಎತ್ತಿ ಹಿಡಿದ ತಿಮಿಂಗಿಲದ ಚಿತ್ರ ತೋರಿಸಿ ಕೈಚೆಲ್ಲಿತು. ಕೊನೆಗೆ ಮುಖ್ಯ ಭಾಗಗಳು ಸ್ಕಾಲಾ, ಜಾವಾಕ್ಕೆ ಹೋದವು. ರೈಲ್ಸ್ ಭಾರ ತಡೆಯುವುದಿಲ್ಲ ಎಂಬ ಮಾತು ಆಗ ಹಬ್ಬಿದ್ದು ಇನ್ನೂ ನಿಂತಿಲ್ಲ. ಆದರೆ ಶಾಪಿಫೈ, ಗಿಟ್‌ಹಬ್ ರೈಲ್ಸ್ ಬಿಡಲಿಲ್ಲ. 2012ರಲ್ಲಿ ಫೇಸ್‌ಬುಕ್ ನೂರು ಕೋಟಿ ಡಾಲರ್‌ಗೆ ಇನ್‌ಸ್ಟಾಗ್ರಾಂ ಕೊಂಡಾಗ, ಜ್ಯಾಂಗೊ ಮೇಲೆ ನಡೆಯುತ್ತಿದ್ದ ಆ ಕಂಪನಿಯಲ್ಲಿದ್ದವರು 13 ಮಂದಿ. ಕೊಂಡ ಫೇಸ್‌ಬುಕ್ಕೇ ಪಿಎಚ್‌ಪಿ ಭಾಷೆಯ ಮನೆ. ಭಾಷೆ ಬದಲಿಸುವ ಬದಲು 2010ರಲ್ಲಿ ಪಿಎಚ್‌ಪಿ ಕೋಡನ್ನು ಸಿ ಪ್ಲಸ್ ಪ್ಲಸ್‌ಗೆ ಪರಿವರ್ತಿಸುವ ಹಿಪ್‌ಹಾಪ್ ಹೊರತಂದಿತು. ಗ್ರಾಹಕರು ತುಂಬಿ ತುಳುಕಿದ ಮೇಲೆ ಮರುಬರವಣಿಗೆಗೆ ದುಡ್ಡೂ ಸಿಗುತ್ತದೆ, ಜನರೂ ಸಿಗುತ್ತಾರೆ.

ಗ್ರಾಹಕರು ಬರುವ ಮೊದಲೇ ಫ್ರೇಮ್‌ವರ್ಕ್ ಹೇರುವ ಮರುಬರವಣಿಗೆ ಮಾತ್ರ ಕೊಲ್ಲುತ್ತದೆ. 2010ರಲ್ಲಿ ಗೂಗಲ್ ಹೊರತಂದ ಬ್ರೌಸರ್ ಬದಿಯ ಫ್ರೇಮ್‌ವರ್ಕ್ ಆಂಗ್ಯುಲರ್‌ಜೆಎಸ್‌ಗೂ 2016ರ ಆಂಗ್ಯುಲರ್ 2ಕ್ಕೂ ಹೆಸರಷ್ಟೇ ನೆಂಟಸ್ತಿಕೆ. ಹಳೆಯದನ್ನು ನಂಬಿದ್ದವರು ಬಹುಪಾಲು ಹೊಸದಾಗಿ ಬರೆಯಬೇಕಾಯಿತು. 2013ರ ರಿಯಾಕ್ಟ್, ಮರುವರ್ಷದ ವ್ಯೂ, 2016ರ ನೆಕ್ಸ್ಟ್ ಹೀಗೆ ಸಾಲು ಬೆಳೆಯಿತು. ಬ್ರೌಸರ್‌ಗೊಂದು, ಸರ್ವರ್‌ಗೊಂದು ಎಂದು ಎರಡು ಫ್ರೇಮ್‌ವರ್ಕ್ ಸಾಕುವುದು ದೊಡ್ಡ ತಂಡಕ್ಕೆ ಸಲೀಸು. ಇಬ್ಬರೇ ಇರುವ ಕಡೆ ಅದು ದುಬಾರಿ ಶೋಕಿ. ಎಟ್ಸಿ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ದುಡಿದಿದ್ದ ಡ್ಯಾನ್ ಮೆಕಿನ್ಲಿ 2015ರಲ್ಲಿ ಲೆಕ್ಕ ಹಾಕಿದ್ದೂ ಇದನ್ನೇ: ಹೊಸ ತಂತ್ರಜ್ಞಾನ ಪ್ರಯೋಗಿಸಲು ಒಂದು ಕಂಪನಿಗೆ ಹೊಸತನದ ಟೋಕನ್ ಮೂರೋ ಏನೋ ಇರುತ್ತವೆ, ಡೇಟಾಬೇಸ್ ಆರಿಸುವಾಗಲೇ ಅವು ಖರ್ಚಾದರೆ ಸರಕಿಗೆ ಉಳಿಯುವುದೇನು?

ಚಿಕ್ಕ ತಂಡದ ಉದಾಹರಣೆ ನಮ್ಮಲ್ಲೂ ಇದೆ: ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾದ ತಂತ್ರಜ್ಞಾನ ತಂಡ ಚಿಕ್ಕದೆಂದೇ ಹೆಸರಾದದ್ದು. ಸರ್ವರ್‌ನಲ್ಲಿ ಗೋ ಮತ್ತು ಪೈಥಾನ್, ಬ್ರೌಸರ್‌ನಲ್ಲಿ ವ್ಯೂ ಎಂಬುದು ಅದರ ದಾರಿ. ಅದರ ಷೇರು ವಹಿವಾಟಿನ ಕೈಟ್ ಆ್ಯಪ್ ಮಾತ್ರ ಮೊದಲು ಆಂಡ್ರಾಯ್ಡ್ ಮತ್ತು ಐಫೋನ್‌ಗೆ ಬೇರೆ ಬೇರೆ ಕೋಡಿನಲ್ಲಿದ್ದು, ರಿಯಾಕ್ಟ್ ನೇಟಿವ್‌ಗೆ ಹೋಗಿ, ಅಲ್ಲಿಯೂ ನಿಲ್ಲದೆ 2018ರ ಹೊತ್ತಿಗೆ ಫ್ಲಟರ್ ಸೇರಿತು.