ಬಳ್ಳಾರಿ ಸೀಮೆಯ ಅಚ್ಚು ಮತ್ತು ಕಾಗದದ ಆಯ್ಕೆ

ಮುದ್ರಣದ ಚರಿತ್ರೆಯಲ್ಲಿ ಯಂತ್ರ, ಮೊಳೆ ಹಾಗೂ ಗ್ರಂಥಗಳಿಗೆ ದೊರೆಯುವ ಸ್ಥಾನವು ಕಾಗದಕ್ಕೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದರೆ ಅಚ್ಚಾದ ಅಕ್ಷರ ಸ್ಪಷ್ಟವಾಗಿ ಮೂಡುವುದೂ ಮುಂದೆ ಉಳಿಯುವುದೂ ಬಹುಮಟ್ಟಿಗೆ ಕಾಗದವನ್ನೇ ಅವಲಂಬಿಸಿವೆ. ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳ ನಿದರ್ಶನಗಳು ಈ ಮಾತನ್ನು ಪುಷ್ಟೀಕರಿಸುತ್ತವೆ.

ಬರೆಯುವ ಸಾಧನಕ್ಕೆ ತಕ್ಕ ಬರಹದ ಹಾಳೆಯನ್ನು ಆರಿಸುವ ವಿವೇಕ ಕನ್ನಡ ನಾಡಿಗೆ ಹೊಸತಲ್ಲ. ಕಂಟಕ್ಕೆ ತಾಳೆಗರಿ ಒದಗಿತು. ಬಳಪಕ್ಕೆ ಕಡತ ಒದಗಿತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಲೇಪಿಸಿ ಅದನ್ನು ಸಿದ್ಧಪಡಿಸುತ್ತಿದ್ದರು. ಅಳಿಸಿ ಮತ್ತೆ ಬರೆಯಬೇಕಾದ ಲೆಕ್ಕಪತ್ರಗಳಿಗೆ ಕಡತ, ಬಹುಕಾಲ ಉಳಿಯಬೇಕಾದ ಕಾವ್ಯಗಳಿಗೆ ತಾಳೆಗರಿ ಎಂಬ ವಿಂಗಡಣೆಯೂ ಇತ್ತು.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಮುಂದೆ ಅಲ್ಲಿ ಬೆಳೆದ ಮಿಷನ್ ಮುದ್ರಣಾಲಯವು ಕನ್ನಡ ಮೊಳೆಗಳನ್ನು ಹೊಂದಿತ್ತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಪ್ರಕಟವಾಗುತ್ತಿತ್ತು. 1844ರಲ್ಲಿ ಅದು ಬಳ್ಳಾರಿಗೆ ಸ್ಥಳಾಂತರಗೊಂಡು, ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಹೊರಬಂದಿತು. ಕನ್ನಡ ಪತ್ರಿಕೋದ್ಯಮದ ಈ ಪ್ರಸಿದ್ಧ ಘಟನೆಯಲ್ಲಿ ಕಾಗದಕ್ಕೆ ಸಂಬಂಧಿಸಿದ ಒಂದು ಅಂಶವೂ ಅಡಗಿದೆ. ಕಲ್ಲಚ್ಚಿನಲ್ಲಿ ಅಕ್ಷರಕ್ಕೆ ಉಬ್ಬೂ ಇಲ್ಲ, ತಗ್ಗೂ ಇಲ್ಲ. ಜಿಡ್ಡು ನೀರನ್ನು ಒಲ್ಲದ ಗುಣವೇ ಅದರ ಆಧಾರ. ಅದಕ್ಕೆ ನುಣುಪಾದ, ಮರಳಿನ ಕಣಗಳಿಲ್ಲದ ಕಾಗದ ಬೇಕು. ಕಣವೊಂದು ಸಿಕ್ಕಿಕೊಂಡರೆ ಕಲ್ಲಿನ ಮೇಲಿನ ಬರಹವೇ ಸವೆಯುತ್ತದೆ. ಮೊಳೆಯ ಅಕ್ಷರವಾದರೋ ಉಬ್ಬಿದ್ದು, ಒತ್ತಡದಿಂದ ಕಾಗದದೊಳಕ್ಕೆ ಇಳಿಯುತ್ತದೆ. ಆದ್ದರಿಂದ ಕೈಮುದ್ರಣ ಯಂತ್ರಗಳ ಕಾಲದಲ್ಲಿ ಚಿಂದಿಬಟ್ಟೆಯ ನಾರಿನಿಂದ ತಯಾರಾದ ಕಾಗದವನ್ನು ಮೊದಲೇ ತೇವಗೊಳಿಸಿ, ಮೆದುವಾದ ಮೇಲೆ ಮುದ್ರಿಸುವುದು ವಾಡಿಕೆಯಾಗಿತ್ತು.

ಸಿರುಗುಪ್ಪ ಮತ್ತು ಕುರುಗೋಡುಗಳಲ್ಲಿ ಮೂರನೆಯ ಬಗೆಯ ಅಚ್ಚನ್ನು ಕಾಣಬಹುದು. ಇಲ್ಲಿ ಅಕ್ಷರ ತಗ್ಗಿನಲ್ಲಿದೆ, ಬಂಡೆಯೇ ಅಚ್ಚು. ಸಿರುಗುಪ್ಪ ಭಾಗದ ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಅಶೋಕನ ಕಿರುಬಂಡೆ ಶಾಸನಗಳು 1970ರ ದಶಕದಲ್ಲಿ ಬೆಳಕಿಗೆ ಬಂದವು. 1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನದಂತೆ ಇವುಗಳಲ್ಲಿಯೂ ‘ಅಶೋಕ’ ಎಂಬ ಹೆಸರೇ ಕಾಣಿಸಿಕೊಂಡಿರುವುದು ವಿಶೇಷ. ಕುರುಗೋಡು 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿತ್ತು. ಅಲ್ಲಿನ ಶಾಸನಗಳು ಅವರ ವಂಶಚರಿತ್ರೆಗೆ ಮುಖ್ಯ ಆಕರಗಳು.

ಶಾಸನದ ಪಡಿಯಚ್ಚು ತೆಗೆಯುವಾಗ ಶುಚಿಗೊಳಿಸಿದ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹರಡಿ, ಕುಂಚದಿಂದ ಬಡಿದು ತಗ್ಗುಗಳೊಳಗೆ ಕೂರಿಸುತ್ತಾರೆ. ಅನಂತರ ಮಸಿಯನ್ನು ಮೆಲ್ಲಗೆ ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿ ಅಕ್ಷರಗಳು ಮೂಡುತ್ತವೆ. ಕಾಗದ ದಪ್ಪವಾದರೆ ಆಳವಿಲ್ಲದ ಗೆರೆಗಳಿಗೆ ಇಳಿಯದು; ತೀರ ತೆಳುವಾದರೆ ಬಡಿತಕ್ಕೆ ಹರಿಯುವುದು. ಬಳ್ಳಾರಿಯ ಒಣ ಬಿಸಿಲಿನಲ್ಲಿ ಅದು ಬೇಗನೆ ಆರಿ ಕಲ್ಲಿನಿಂದ ಬಿಟ್ಟುಕೊಳ್ಳುವ ತೊಂದರೆಯೂ ಉಂಟು. ಬ್ರಾಹ್ಮಿಯಲ್ಲಿ ಅನುಸ್ವಾರವೆಂಬುದು ಒಂದು ಚುಕ್ಕೆ. ಒರಟು ಬಂಡೆಯ ಸಹಜ ಕುಳಿಗೂ ಆ ಚುಕ್ಕೆಗೂ ಇರುವ ಅಂತರವನ್ನು ಕಾಗದ ಹಿಡಿದಿಡದಿದ್ದರೆ, ಪಾಠವೇ ಬೇರೆಯಾಗುವ ಸಂಭವವಿದೆ. ಹೀಗಾಗಿ ಉದ್ದ ನಾರಿನ, ಒದ್ದೆಯಾದರೂ ಬಲಗುಂದದ ಕಾಗದಕ್ಕೆ ಇಲ್ಲಿ ಮನ್ನಣೆ. ಕಲ್ಲು ಮುಂದೆ ಒಡೆದರೆ ಅಥವಾ ಸವೆದರೆ ಆ ಹಾಳೆಯೇ ಮೂಲದ ಸ್ಥಾನವನ್ನು ಪಡೆಯುತ್ತದೆ.

‘ಕನ್ನಡ ಸಮಾಚಾರ’ ಬಳ್ಳಾರಿಗೆ ಬಂದ 1844ರಲ್ಲಿಯೇ ಜರ್ಮನಿಯ ಕೆಲ್ಲರ್ ಮತ್ತು ಕೆನಡಾದ ಫೆನರ್ಟಿ ಮರವನ್ನು ಅರೆದು ಕಾಗದ ಮಾಡುವ ವಿಧಾನವನ್ನು ಪ್ರತ್ಯೇಕವಾಗಿ ಹೊರತಂದರು. ಇದರಿಂದ ಕಾಗದ ಅಗ್ಗವಾಯಿತು, ಅದರ ಆಯುಷ್ಯ ತಗ್ಗಿತು. ಮರದ ಲಿಗ್ನಿನ್ ಅಂಶದಿಂದ ಹಾಳೆ ಹಳದಿಯಾಗುತ್ತದೆ. ಮಸಿ ಹರಡದಂತೆ ಸೇರಿಸುವ ರಾಳ ಮತ್ತು ಪಟಿಕಗಳಿಂದ ಆಮ್ಲತೆ ಹೆಚ್ಚಿ, ನಾರು ಬಲಗುಂದಿ ಹಾಳೆ ಪುಡಿಯಾಗುತ್ತದೆ. ಹಳೆಯ ಚಿಂದಿ ಕಾಗದದ ಪುಸ್ತಕಕ್ಕಿಂತ ಎಷ್ಟೋ ತರುವಾಯದ ಪುಸ್ತಕ ಮೊದಲು ಶಿಥಿಲವಾಗುವುದಕ್ಕೆ ಕಾರಣವಿದು.

ಇಂದು ಗ್ರಂಥಾಲಯಗಳು ಶಿಥಿಲ ಪ್ರತಿಗಳನ್ನೂ ಪಡಿಯಚ್ಚುಗಳನ್ನೂ ಕಂಪ್ಯೂಟರಿಗೆ ಅಳವಡಿಸಿ ಪ್ರಿಂಟರಿನಲ್ಲಿ ಮರುಮುದ್ರಿಸುವಾಗ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ. ಲೇಸರ್ ಪ್ರಿಂಟರು ಮಸಿಪುಡಿಯನ್ನು ಶಾಖದಿಂದ ಕರಗಿಸಿ ಅಂಟಿಸುವುದರಿಂದ, ಹಿಂದಿನವರು ಬಯಸಿದ ತೇವವೇ ಅದಕ್ಕೆ ಶತ್ರು. ತೇವದ ಹಾಳೆ ಸುರುಳಿಗಟ್ಟಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಕ್‌ಜೆಟ್ ದ್ರವಮಸಿಯನ್ನು ಸಿಂಪಡಿಸುತ್ತದೆ. ಪಡಿಯಚ್ಚಿನ ಕಪ್ಪು ನೆಲ ಸಾಮಾನ್ಯ 75 ಅಥವಾ 80 ಗ್ರಾಂ ತೂಕದ ಹಾಳೆಯನ್ನು ನೆನೆಸಿ ಸುಕ್ಕುಗಟ್ಟಿಸಿ, ಅಕ್ಷರದ ಅಂಚನ್ನು ಮಸುಕುಗೊಳಿಸಬಹುದು. ಅದಕ್ಕೆ ಹೆಚ್ಚು ತೂಕದ, ಲೇಪನವುಳ್ಳ ಹಾಳೆ ಯುಕ್ತ. ದೀರ್ಘಕಾಲ ಕಾಪಿಡಬೇಕಾದ ಪ್ರತಿಗೆ ಐಎಸ್ಓ 9706 ಮಾನದಂಡವು ಪಿಎಚ್ 7.5ರಿಂದ 10ರವರೆಗಿರುವ, ಕ್ಷಾರದ ಮೀಸಲು ಹೊಂದಿದ ಕಾಗದವನ್ನು ವಿಧಿಸುತ್ತದೆ.

ಬಂಡೆ, ಮೊಳೆ, ಪ್ರಿಂಟರುಗಳ ಬೇಡಿಕೆಗಳು ಬೇರೆಬೇರೆ. ಆದರೆ ಅಕ್ಷರ ಎಲ್ಲಿಂದ ಮೂಡುತ್ತದೆ, ಪ್ರತಿ ಎಷ್ಟು ಕಾಲ ಬಾಳಬೇಕು ಎಂಬೆರಡು ಪ್ರಶ್ನೆಗಳು ಎಲ್ಲಕ್ಕೂ ಸಮಾನ. ಇವಕ್ಕೆ ಉತ್ತರಿಸದೆ ಕೈಗೆ ಸಿಕ್ಕ ಹಾಳೆಯಲ್ಲಿ ಮುದ್ರಿಸಿದ ಪ್ರತಿಯು ಆಕರವನ್ನು ಉಳಿಸಿದಂತೆ ಕಂಡರೂ, ಮುಂದಿನ ಸಂಶೋಧಕನ ಕೈಸೇರುವ ಮುನ್ನವೇ ಅಳಿಯಬಹುದು. ಆದ್ದರಿಂದ ಕಾಗದದ ಆಯ್ಕೆಯನ್ನು ಆಕರ ಸಂರಕ್ಷಣೆಯ ಮೊದಲ ಹೆಜ್ಜೆಯೆಂದೇ ಪರಿಗಣಿಸುವುದು ಉಚಿತ.