ಸುಸ್ಥಿರ ಅಭಿವೃದ್ಧಿ ಗುರಿಗಳು: ನಗರಗಳ ಪ್ರಗತಿಯನ್ನು ಅಳೆಯುವ ವಿಧಾನ

ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರ್‌ನಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಅಂಗೀಕರಿಸಿದ್ದು, ಇವುಗಳನ್ನು 2030ರೊಳಗೆ ಸಾಧಿಸಬೇಕಾಗಿರುತ್ತದೆ. 11ನೇ ಗುರಿಯು ನಗರಗಳಿಗೇ ಸಂಬಂಧಿಸಿದೆ. ಆದರೂ ಆರೋಗ್ಯ, ಶಿಕ್ಷಣ, ಕುಡಿಯುವ ನೀರು ಮುಂತಾದ ಇತರ ಗುರಿಗಳ ಹೆಚ್ಚಿನ ಕೆಲಸವೂ ನಗರ ಪ್ರದೇಶಗಳಲ್ಲಿ ಸ್ಥಳೀಯ ಸಂಸ್ಥೆಗಳ ಮೂಲಕವೇ ನಡೆಯಬೇಕಾಗಿರುತ್ತದೆ.

ನೀತಿ ಆಯೋಗವು ಸುಸ್ಥಿರ ಅಭಿವೃದ್ಧಿ ಗುರಿಗಳ ಮೊದಲ ನಗರ ಸೂಚ್ಯಂಕವನ್ನು 2021ರ ನವೆಂಬರ್‌ನಲ್ಲಿ ಪ್ರಕಟಿಸಿತು. ಬೆಂಗಳೂರು ಸೇರಿದಂತೆ 56 ನಗರಗಳನ್ನು 77 ಸೂಚಕಗಳ ಆಧಾರದ ಮೇಲೆ ಪರಿಶೀಲಿಸಲಾಗಿದ್ದು, ಶಿಮ್ಲಾ ಪ್ರಥಮ ಹಾಗೂ ಕೊಯಮತ್ತೂರು ದ್ವಿತೀಯ ಸ್ಥಾನ ಪಡೆದವು. ವಿದೇಶಗಳಲ್ಲಿ ನ್ಯೂಯಾರ್ಕ್ ನಗರವು 2018ರಲ್ಲಿ ತನ್ನ ಪ್ರಗತಿಯ ವರದಿಯನ್ನು ಸ್ವಯಂಪ್ರೇರಣೆಯಿಂದ ವಿಶ್ವಸಂಸ್ಥೆಗೆ ಸಲ್ಲಿಸಿತು.

ಅಂಕ ನೀಡುವ ಕ್ರಮ

ಪ್ರತಿ ಸೂಚಕಕ್ಕೂ 2030ರ ಗುರಿಮಟ್ಟವನ್ನು ನಿಗದಿಪಡಿಸಲಾಗುತ್ತದೆ. ನಗರಗಳ ಪೈಕಿ ಅತಿ ಕಡಿಮೆ ಸಾಧನೆಗೆ ಸೊನ್ನೆ, ಗುರಿಮಟ್ಟ ತಲುಪಿದ ಸಾಧನೆಗೆ 100 ಅಂಕ. ಉದಾಹರಣೆಗೆ, ಒಂದು ಸೌಲಭ್ಯವು ಎಲ್ಲ ಕುಟುಂಬಗಳಿಗೂ ದೊರೆಯಬೇಕೆಂಬುದು ಗುರಿ. ಅತ್ಯಂತ ಹಿಂದುಳಿದ ನಗರದಲ್ಲಿ ಶೇ. 40ರಷ್ಟು ಕುಟುಂಬಗಳಿಗೆ ಮಾತ್ರ ಅದು ದೊರೆತಿದೆ ಎಂದಿಟ್ಟುಕೊಳ್ಳಬಹುದು. ಆಗ ಶೇ. 85ರಷ್ಟು ಸಾಧಿಸಿದ ನಗರವು ಕ್ರಮಿಸಬೇಕಾದ 60ರಲ್ಲಿ 45ನ್ನು ಕ್ರಮಿಸಿದಂತಾಗಿ 75 ಅಂಕ ಪಡೆಯುತ್ತದೆ. ಎಲ್ಲ ಗುರಿಗಳ ಅಂಕಗಳ ಸರಾಸರಿಯೇ ನಗರದ ಒಟ್ಟು ಅಂಕ. 65ರಿಂದ 99ರವರೆಗಿನ ಅಂಕ ಗಳಿಸಿದ ನಗರಗಳನ್ನು ಮುಂಚೂಣಿ ವರ್ಗದಲ್ಲಿ ಸೇರಿಸಲಾಗುತ್ತದೆ.

ಸರಾಸರಿಗೆ ಒಂದು ಮಿತಿಯಿದೆ. ಒಂದು ವಾರ್ಡಿನಲ್ಲಿ ದಿನವಿಡೀ ನೀರು, ಪಕ್ಕದ ವಾರ್ಡಿನಲ್ಲಿ ವಾರಕ್ಕೊಮ್ಮೆ ಟ್ಯಾಂಕರ್ ಎಂಬ ವ್ಯತ್ಯಾಸವು ನಗರದ ಒಟ್ಟು ಅಂಕದಲ್ಲಿ ಕಾಣುವುದಿಲ್ಲ. ಆದುದರಿಂದ ಸ್ಥಾನಕ್ಕಿಂತಲೂ ಆಯಾ ಸೂಚಕದ ಅಂಕವನ್ನು ಗಮನಿಸುವುದು ಹೆಚ್ಚು ಉಪಯುಕ್ತ.

ನಾಗರಿಕರ ಅರ್ಜಿಗೂ ಸೂಚಕಗಳಿಗೂ ಇರುವ ಸಂಬಂಧ

ಅಂಕಿ ಅಂಶಗಳನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹಾಗೂ ಸಚಿವಾಲಯಗಳ ದತ್ತಾಂಶಗಳಿಂದ ಪಡೆಯಲಾಗುತ್ತದೆ. ಇವುಗಳಲ್ಲದೆ ಕಚೇರಿಗಳ ವಹಿಗಳೂ ಮುಖ್ಯ. ಜನನ ನೋಂದಣಿಯು ಇದಕ್ಕೆ ಸ್ಪಷ್ಟ ಉದಾಹರಣೆ. ಪ್ರತಿಯೊಬ್ಬರಿಗೂ ಕಾನೂನುಬದ್ಧ ಗುರುತು ದೊರೆಯಬೇಕೆಂಬುದು 16ನೇ ಗುರಿಯ ಒಂದು ಅಂಶವಾಗಿದ್ದು, ಐದು ವರ್ಷದೊಳಗಿನ ಎಷ್ಟು ಮಕ್ಕಳ ಜನನ ನೋಂದಣಿಯಾಗಿದೆ ಎಂಬುದೇ ಅದರ ಸೂಚಕ. ಕಟ್ಟಡ ಕೆಲಸಕ್ಕಾಗಿ ಊರೂರು ಅಲೆಯುವ ಕುಟುಂಬದ ಮಗು ಮನೆಯಲ್ಲಿಯೇ ಜನಿಸಿ ನೋಂದಣಿಯಾಗದಿದ್ದಲ್ಲಿ, ಆ ಮಗು ನೋಂದಣಿ ವಹಿಯಲ್ಲಿ ಇರುವುದಿಲ್ಲ. ಲಸಿಕೆಗೆ, ಶಾಲೆಯ ಕೊಠಡಿಗೆ ಲೆಕ್ಕ ಹಾಕುವಾಗಲೂ ಬಿಟ್ಟುಹೋಗುವ ಸಂಭವವಿರುತ್ತದೆ.

ಜನನವನ್ನು 21 ದಿನಗಳೊಳಗಾಗಿ, ಅದು ಘಟಿಸಿದ ಸ್ಥಳದ ನೋಂದಣಾಧಿಕಾರಿಗೆ ವರದಿ ಮಾಡತಕ್ಕದ್ದು. ಆಸ್ಪತ್ರೆಯಲ್ಲಿ ಜನಿಸಿದಲ್ಲಿ ಆಸ್ಪತ್ರೆಯವರೂ, ಮನೆಯಲ್ಲಿ ಜನಿಸಿದಲ್ಲಿ ಕುಟುಂಬದ ಮುಖ್ಯಸ್ಥರೂ ವರದಿ ಮಾಡಬೇಕು. ತಡವಾದಷ್ಟೂ ಶುಲ್ಕ, ಅನುಮತಿ ಮತ್ತು ಆದೇಶಗಳ ಅಗತ್ಯ ಹೆಚ್ಚುತ್ತದೆ. 2023ರ ಅಕ್ಟೋಬರ್ 1ರಂದು ಅಥವಾ ತದನಂತರ ಜನಿಸಿದವರಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ ಮುಂತಾದವುಗಳಿಗೆ ಜನನ ದಿನಾಂಕ ಮತ್ತು ಸ್ಥಳದ ಪುರಾವೆಯಾಗಿ ಜನನ ಪ್ರಮಾಣ ಪತ್ರವನ್ನೇ ಹಾಜರುಪಡಿಸಬೇಕಾಗಿರುವುದರಿಂದ ವಿಳಂಬವು ಸಲ್ಲದು.

ಸಕಾಲ ಯೋಜನೆಯಡಿ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ನೀಡಲಾಗುತ್ತದೆ. ಬಾಯಿಮಾತಿನಲ್ಲಿ ಕೇಳಿದ ಸೇವೆಯು ಯಾವ ಲೆಕ್ಕಕ್ಕೂ ಬರುವುದಿಲ್ಲವಾದ್ದರಿಂದ ಅರ್ಜಿದಾರರು ಸದರಿ ಸಂಖ್ಯೆಯನ್ನು ತಪ್ಪದೇ ಪಡೆದುಕೊಳ್ಳತಕ್ಕದ್ದು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಇದೇ ಸಂಖ್ಯೆಯನ್ನು ನಮೂದಿಸಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದಾಗಿದೆ.