ಎರೆ ಹೊಲ ಮತ್ತು ವಿಶ್ವವಿದ್ಯಾಲಯ: ಸಿಂದಗಿ ಸೀಮೆಯಲ್ಲಿ ಸಂಶೋಧನೆ, ವಿಸ್ತರಣೆ, ಮುಂದುವರಿದ ಕಲಿಕೆ

ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಮೂಡಣ ದಿಕ್ಕಿಗೆ ಹೊರಟರೆ ಬೇಗನೆ ವಿಜಯಪುರ ಜಿಲ್ಲೆ ಮುಗಿದು ಕಲಬುರಗಿ ಜಿಲ್ಲೆ ಹತ್ತುತ್ತದೆ. ಗಡಿಯ ಎರಡೂ ಬದಿಗೆ ಅದೇ ಎರೆ ಮಣ್ಣು, ಅದೇ ತೊಗರಿ, ಅದೇ ಹಿಂಗಾರಿ ಜೋಳ. ವಿಶ್ವವಿದ್ಯಾಲಯಗಳು ಮಾತ್ರ ಬೇರೆ. ಪಡುವಣಕ್ಕೆ 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯ, 2010ರಲ್ಲಿ ಬಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಮೂಡಣಕ್ಕೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, 1980ರ ಗುಲಬರ್ಗಾ ವಿಶ್ವವಿದ್ಯಾಲಯ. ಇವು ನಾಲ್ಕೂ ಜನರ ತೆರಿಗೆಯಿಂದ ನಡೆಯುವ ಸಂಸ್ಥೆಗಳು. ಪದವಿ ಓದಲು ಎಂದೂ ಬಾರದ ಒಕ್ಕಲಿಗನಿಗೆ, ಅವನ ಮನೆಯ ಹೆಣ್ಣುಮಕ್ಕಳಿಗೆ ಇವುಗಳಿಂದ ಏನು ದಕ್ಕಿದೆ ಎಂಬ ಪ್ರಶ್ನೆಯನ್ನು ಈ ಲೇಖನ ಮುಖ್ಯವಾಗಿ ಜೋಳವನ್ನು ಹಿಡಿದು ಕೇಳುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಈ ನಾಡಿಗೆ ಸಂಶೋಧನೆಯನ್ನು ವಿಶ್ವವಿದ್ಯಾಲಯ ತಂದದ್ದಲ್ಲ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಾಗ ಧಾರವಾಡದಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಬರೆದುಕೊಂಡರು. 1931ರ ‘ಗರತಿಯ ಹಾಡು’ ಆ ಕೆಲಸದ ಫಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ವಚನಗಳಿಗೂ ಜನಪದ ಹಾಡುಗಳಿಗೂ ಅದು ಮುಂದೆ ಪೀಠ, ಪದವಿ, ಪಠ್ಯ ಎಲ್ಲವನ್ನೂ ಕೊಟ್ಟಿತು. 1956ರಲ್ಲಿ ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟ್ ನೀಡಿತು. ಆದರೂ ಇಲ್ಲಿ ಮೊದಲು ಕೊಟ್ಟದ್ದು ಊರು, ಪಡೆದದ್ದು ವಿಶ್ವವಿದ್ಯಾಲಯ. ‘ವಿಸ್ತರಣೆ’ ಎಂಬ ಪದವನ್ನು ನಾವು ಬಳಸುವಾಗ ಜ್ಞಾನ ಮೇಲಿನಿಂದ ಕೆಳಗೆ ಹರಿದು ಬರುವ ಕಾಲುವೆಯೆಂಬ ಕಲ್ಪನೆ ಅದರೊಳಗೆ ಸೇರಿಕೊಂಡುಬಿಡುತ್ತದೆ. ಈ ಸೀಮೆಯ ಮಟ್ಟಿಗೆ ಅದು ತಪ್ಪು ಕಲ್ಪನೆ.

ಪಡೆದದ್ದನ್ನು ಮರಳಿ ಕೊಡುವ ಯತ್ನಗಳೂ ನಡೆದವು. ಮೈಸೂರು ವಿಶ್ವವಿದ್ಯಾಲಯ 1930ರ ದಶಕದಲ್ಲೇ ಅಧ್ಯಾಪಕರನ್ನು ಹಳ್ಳಿಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿ, ಅವುಗಳನ್ನು ಪುಟ್ಟ ಪುಸ್ತಕಗಳಾಗಿ ಅಚ್ಚುಹಾಕಿಸಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗ ಅದೇ ಹಾದಿ ಹಿಡಿಯಿತು. ಕವಿ ಚೆನ್ನವೀರ ಕಣವಿಯವರು ಅದರ ಹೊಣೆ ಹೊತ್ತ ಕಾಲದಲ್ಲಿ ಊರೂರುಗಳ ಉಪನ್ಯಾಸ ‘ಉಪನ್ಯಾಸ ಗ್ರಂಥಮಾಲೆ’ಯ ತೆಳು ಹೊತ್ತಗೆಯಾಗಿ ಅಗ್ಗದ ಬೆಲೆಗೆ ಸಿಗುತ್ತಿತ್ತು. ವಿದ್ವಾಂಸ ತನ್ನ ವಿಷಯವನ್ನು ಪರಿಭಾಷೆಯ ಊರುಗೋಲಿಲ್ಲದೆ ಒಂದು ಗಂಟೆ ಹೇಳಬೇಕು, ಆಮೇಲೆ ನೂರು ಪುಟದೊಳಗೆ ಬರೆಯಬೇಕು. ಈ ಶಿಸ್ತು ಕನ್ನಡ ಗದ್ಯಕ್ಕೆ ಮಾಡಿದ ಉಪಕಾರವನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ. ಇದೇ ಸಿಂದಗಿ ತಾಲ್ಲೂಕಿನ ಯರಗಲ್ಲಿನ ಮನೆತನದ ಎಂ.ಎಂ. ಕಲಬುರ್ಗಿಯವರು ಶಾಸನಗಳ ಬಗ್ಗೆ ಬರೆದದ್ದನ್ನು ಇಂದಿಗೂ ಸಾಮಾನ್ಯ ಓದುಗ ಹಿಡಿದು ಓದಬಲ್ಲ. ಅದು ಆ ಪರಂಪರೆಯ ಗದ್ಯ.

ಇನ್ನು ಜೋಳದ ವಿಷಯ. ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಹೊತ್ತಿಗೆ, ಕೆಲವೇ ಜೋರು ಮಳೆಗಳಲ್ಲಿ ಬಂದು ಹೋಗುತ್ತದೆ. ಆಳವಾದ ಎರೆ ಆ ನೀರನ್ನು ಹಿಡಿದಿಟ್ಟುಕೊಂಡರೆ ಮಾತ್ರ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿನಲ್ಲೋ ಬಿತ್ತಿದ ಹಿಂಗಾರಿ ಜೋಳ ಮುಂದೆ ಹನಿ ಬೀಳದಿದ್ದರೂ ಕೈಗೆ ಬರುತ್ತದೆ. ಹೀಗಾಗಿ ಇಲ್ಲಿಯ ಕೃಷಿವಿಜ್ಞಾನವೆಂದರೆ ಮೊದಲಿನಿಂದಲೂ ಹಸಿಯನ್ನು ಉಳಿಸುವ ವಿಜ್ಞಾನ. 1930ರ ದಶಕದಲ್ಲಿ ಸೊಲ್ಲಾಪುರ, ವಿಜಯಪುರ, ರಾಯಚೂರು, ಹಗರಿ, ರೋಹ್ತಕ್‌ಗಳಲ್ಲಿ ಒಣಬೇಸಾಯದ ಸಂಶೋಧನಾ ಕೇಂದ್ರಗಳು ತೆರೆದವು. ಒಡ್ಡು ಹಾಕುವುದು, ಕೊಟ್ಟಿಗೆ ಗೊಬ್ಬರ, ಬೀಜ ಕಡಿಮೆ ಮಾಡಿ ಸಾಲು ಅಗಲಿಸುವುದು, ಮೇಲಿಂದ ಮೇಲೆ ಎಡೆ ಹೊಡೆಯುವುದು ಆ ಕಾಲದ ಮುಖ್ಯ ಶಿಫಾರಸುಗಳು. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಸಮನ್ವಯ ಸಂಶೋಧನಾ ಯೋಜನೆ ಶುರುವಾದ ಮೇಲೆ ವಿಜಯಪುರ ಅದರ ಕೇಂದ್ರಗಳಲ್ಲಿ ಒಂದಾಯಿತು. ಜನ ಹಿಟ್ನಳ್ಳಿ ಫಾರ್ಮ್ ಎಂದು ಕರೆಯುವ ಜಾಗದಲ್ಲಿ ಈಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಸಂಶೋಧನಾ ಕೇಂದ್ರ, ಕೃಷಿ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಒಟ್ಟಿಗಿವೆ. ಇಂಡಿಯಲ್ಲಿ ಇನ್ನೊಂದು ಕೃಷಿ ವಿಜ್ಞಾನ ಕೇಂದ್ರವಿದೆ.

ಹಿಟ್ನಳ್ಳಿಯ ಸಂಶೋಧನಾ ಕೇಂದ್ರದ ಶಿಫಾರಸುಗಳಲ್ಲಿ ಹೊಲಕ್ಕೆ ಚೆನ್ನಾಗಿ ಇಳಿದದ್ದು ಚೌಕುಮಡಿ. ಜೂನ್, ಜುಲೈನಲ್ಲಿ ಖಾಲಿ ಬಿಟ್ಟ ಎರೆಯಲ್ಲಿ ಮೂರರಿಂದ ನಾಲ್ಕೂವರೆ ಮೀಟರ್ ಅಳತೆಯ ಚೌಕಗಳನ್ನು ಸಣ್ಣ ಬದುಗಳಿಂದ ಕಟ್ಟುತ್ತಾರೆ. ಬಿದ್ದ ನೀರು ಅಲ್ಲೇ ನಿಂತು ಇಂಗುತ್ತದೆ. ಹಿಂಗಾರಿಗೆ ಹೊಲ ಹರಗಿ ಬಿತ್ತುತ್ತಾರೆ. ಒಂದು ಜೋಡಿ ಎತ್ತು, ಒಂದು ಸಾಧನ, ಒಂದೆರಡು ದಿನದ ದುಡಿಮೆ. ರೈತನ ಈಗಿನ ಪದ್ಧತಿಯೊಳಗೇ ಹೊಂದುವ ತಿದ್ದುಪಡಿ ಇದು. ಬೆಳೆ ನಿಂತ ಮೇಲೆ ಎರೆ ಬಿರುಕು ಬಿಟ್ಟು ಹಸಿ ಆರಿಹೋಗದಂತೆ ಎಡೆ ಹೊಡೆದು ಬಿರುಕು ಮುಚ್ಚುವ ರೂಢಿ ಹಿರಿಯರದು. ನೆಲದಾಳದ ಹಸಿಯನ್ನು ಅಳೆದು ಆ ರೂಢಿ ಏಕೆ ಸರಿ, ಎಷ್ಟು ಸಲ ಸರಿ ಎಂದು ಹೇಳಿದ್ದು ಸಂಶೋಧಕರು. ಕೊಡುಕೊಳ್ಳುವಿಕೆ ಎಂದರೆ ಇದೇ ಎಂದು ನನಗೆ ತೋರುತ್ತದೆ.

ತಳಿಯ ಕಥೆ ಇನ್ನೂ ಹೆಚ್ಚು ಹೇಳುತ್ತದೆ. ಮಾಲದಂಡಿ ಎಂಬ ನಾಡತಳಿಯಿಂದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿ ತೆಗೆದ ಎಂ 35-1, 1930ರ ದಶಕದ್ದು. 1964ರಲ್ಲಿ ದೇಶದ ಮೊದಲ ಸಂಕರಣ ಜೋಳ ಸಿಎಸ್‌ಎಚ್-1 ಬಂದು ಮುಂಗಾರಿ ಜೋಳದ ಚಿತ್ರವನ್ನೇ ಬದಲಿಸಿತು. ಹಿಂಗಾರಿಯಲ್ಲಿ ಹಾಗಾಗಲಿಲ್ಲ, ಮಾಲದಂಡಿ ಕದಲಲಿಲ್ಲ. ರೈತರು ಹೊಸದಕ್ಕೆ ಹಿಂಜರಿದರು ಎಂಬ ವಿವರಣೆ ಸುಲಭ, ಆದರೆ ನಿಲ್ಲುವುದಿಲ್ಲ. ಅದೇ ರೈತರು ಹೊಸ ಹತ್ತಿಯನ್ನೂ ಹೊಸ ತೊಗರಿಯನ್ನೂ ಕೈಚಾಚಿ ತೆಗೆದುಕೊಂಡರು. ಜೋಳದ ತೀರ್ಪು ನಡೆಯುವ ಜಾಗಗಳು ಬೇರೆ: ಒಂದು ಒಲೆಯ ಮುಂದೆ, ಇನ್ನೊಂದು ದನದ ಗ್ವಾದಲಿಯಲ್ಲಿ. ಹಿಟ್ಟು ಜಿಗಿ ಹಿಡಿಯಬೇಕು, ರೊಟ್ಟಿ ಬಡಿಯುವಾಗ ಅಂಚು ಒಡೆಯಬಾರದು, ಹಂಚಿನ ಮೇಲೆ ಉಬ್ಬಬೇಕು, ಮರುದಿನವೂ ಮೆತ್ತಗಿರಬೇಕು. ಕಣಿಕೆ ಎತ್ತರವಾಗಿ ಬೆಳೆದು ಎತ್ತು ಬಾಯಿಟ್ಟು ತಿನ್ನಬೇಕು. ಬರಗಾಲದ ವರ್ಷ ಕಾಳಿಗಿಂತ ಕಣಿಕೆಯೇ ಮನೆ ಉಳಿಸುತ್ತದೆ. ಎಕರೆಗೆ ಎಷ್ಟು ಕ್ವಿಂಟಲ್ ಎಂಬ ಒಂದೇ ಅಳತೆ ಹಿಡಿದ ತಳಿ ಈ ಮನೆಯೊಳಗೆ ಕಾಲಿಡಲಾರದು. ವಿಜಯಪುರ ಕೇಂದ್ರದ ಬಿಜೆವಿ-44 ತಳಿಯಂಥ ಈಚಿನ ಕೆಲಸದಲ್ಲಿ ಕಾಳಿನೊಂದಿಗೆ ಮೇವನ್ನೂ ತೂಗುತ್ತಾರೆ; ರೊಟ್ಟಿಯ ಗುಣ ಇಂದು ಜೋಳದ ಸಂಶೋಧನೆಯಲ್ಲಿ ಅಂಗೀಕೃತ ಪರೀಕ್ಷೆ. ರೊಟ್ಟಿ ಬಡಿಯುವ ಹೆಂಗಸು ಹೀಗೆ ತಳಿವಿಜ್ಞಾನಕ್ಕೆ ಮಾನದಂಡವೊಂದನ್ನು ಸೇರಿಸಿದ್ದಾಳೆ.

ಹಾಗಿದ್ದೂ ತರಬೇತಿಗೆ ಕರೆಯುವಾಗ ‘ರೈತ ಬಾಂಧವರೇ’ ಎಂದೇ ಕರೆಯುತ್ತೇವೆ. ಬೀಜ ಆರಿಸಿ, ಬೂದಿ ಬೆರೆಸಿ, ಹಗೇವಿನಲ್ಲೋ ಗುಮ್ಮಿಯಲ್ಲೋ ಕಾಪಿಡುವ ಕೆಲಸದಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದು. ಅವರಿಗೆ ಹೊಲಕ್ಕೆ ಬರುವ ಹಬ್ಬಗಳಿವೆ. ಸೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲುತ್ತಾರೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಜೋಳ ತೆನೆಗೆ ಬಂದಿರುತ್ತದೆ. ಮುಂಚೂಣಿ ಪ್ರಾತ್ಯಕ್ಷಿಕೆಯ ತಾಕು ನೋಡಿಸಲು ಇದಕ್ಕಿಂತ ತಕ್ಕ ವಾರ ಇನ್ನೊಂದಿಲ್ಲ. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಕೃಷಿ ಪದವಿ ವಿದ್ಯಾರ್ಥಿಗಳಿಗೂ ಆ ದಿನ ಹೊಲದಲ್ಲಿ ಕೇಳಿ ತಿಳಿಯುವುದು ಬಹಳ ಇರುತ್ತದೆ.

ವಿಜಯಪುರದಲ್ಲೇ 2003ರಲ್ಲಿ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಹಿಟ್ನಳ್ಳಿಯ ಜೋಳದ ತಾಕುಗಳೂ ಈ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನವೂ ಒಂದೇ ಊರಿನ ಆಸುಪಾಸಿನಲ್ಲಿರುವಾಗ ಬೀಜ ಕಾಪಿಡುವ ಹೆಂಗಸರ ತಿಳಿವಳಿಕೆ ಎರಡಕ್ಕೂ ಸಮಾನ ವಿಷಯವಾಗಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ ಪ್ರಯಾಣ ಉಚಿತವಾಗಿದೆ. ಮುಂದುವರಿದ ಶಿಕ್ಷಣದ ಚರ್ಚೆಯಲ್ಲಿ ಬಸ್ಸಿನ ಮಾತೇಕೆ ಎಂದು ಯಾರಾದರೂ ಕೇಳಿಯಾರು. ಸಿಂದಗಿಯ ಆಚೆಯ ಹಳ್ಳಿಯಿಂದ ಒಂದು ದಿನದ ತರಬೇತಿಗೆ ಬಂದು ಸಂಜೆಯೊಳಗೆ ಮನೆ ಸೇರಬೇಕಾದವಳಿಗೆ ಪಠ್ಯಕ್ರಮಕ್ಕಿಂತ ಮೊದಲು ಎದುರಾಗುವುದು ಆ ಪ್ರಶ್ನೆಯೇ.

ಮತ್ತೆ ಗಡಿಗೆ ಬರುತ್ತೇನೆ. ಕಲಬುರಗಿಯ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ತೊಗರಿ ಬೇಗ ಕಟಾವಿಗೆ ಬರುತ್ತದೆ, ನೆಟೆ ರೋಗವನ್ನು ತಡೆದುಕೊಳ್ಳುತ್ತದೆ. ಅದು ವಿಜಯಪುರ ಜಿಲ್ಲೆಯ ಹೊಲಗಳಿಗೂ ಹಬ್ಬಿತು. ಮಾಲದಂಡಿ ಬಂದದ್ದು ಭೀಮೆಯ ಆಚೆಯಿಂದ, ಈಗ ಬೇರೆ ರಾಜ್ಯವಾಗಿರುವ ನೆಲದಿಂದ. ಬೀಜ ಬೀಗರ ಮನೆಯಿಂದ ಬೀಗರ ಮನೆಗೆ, ಸಂತೆಯಿಂದ ಸಂತೆಗೆ ಹೋಗುತ್ತದೆ. ಶಿಫಾರಸಿನ ಕೈಪಿಡಿಗಳು ಮಾತ್ರ ಆಯಾ ವಿಶ್ವವಿದ್ಯಾಲಯದ ಜಿಲ್ಲೆಗಳಿಗೇ ನಿಲ್ಲುತ್ತವೆ. ಧಾರವಾಡ, ರಾಯಚೂರುಗಳ ವಿಜ್ಞಾನಿಗಳು ಕೂಡಿ ಭೀಮಾ ತೀರದ ಎರೆಗೆ ಒಂದೇ ಕೈಪಿಡಿಯನ್ನು, ಹಳೆಯ ಉಪನ್ಯಾಸ ಗ್ರಂಥಮಾಲೆಯ ಗಾತ್ರದಲ್ಲಿ, ಇಲ್ಲಿಯ ಕನ್ನಡದಲ್ಲಿ ಬರೆದುಕೊಡಬಹುದು. ಅದರ ಕರಡನ್ನು ಮೊದಲು ಓದಿ ಕೇಳಿಸಬೇಕಾದದ್ದು ಮೋರಟಗಿಯಂಥ ಊರಿನಲ್ಲಿ, ಎರಡೂ ಜಿಲ್ಲೆಯ ಒಕ್ಕಲಿಗರು ಕೂಡುವ ಒಂದು ಸಂತೆಯ ದಿನ.